ಫುಟ್‌ಪಾತ್ ಇದ್ದರೂ ಜನ ರಸ್ತೆಯಲ್ಲೇ ನಡೆಯುವುದು ಯಾಕೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಹಳೆಯ ಬಡಾವಣೆ. ಮನೆ ಮುಂದೆ 40 ಅಡಿ ರಸ್ತೆ. ಕೆಲವೇ ವರ್ಷಗಳಲ್ಲಿ ಎರಡು ಸಲ ಫುಟ್‌ಪಾತ್ ಕಿತ್ತು ಹೊಸದಾಗಿ ಹಾಕಿದ್ದಾರೆ. ಆದರೂ ನಮ್ಮ ತಾಯಿ (ವಯಸ್ಸು 71) ರಸ್ತೆಯಲ್ಲೇ ನಡೆಯುತ್ತಾರೆ. ನಾನು ಬೈದು ಫುಟ್‌ಪಾತ್ ಮೇಲೆ ಹೋಗಿ ಅಂದೆ. ಹೋದ ತಿಂಗಳು ಅಲುಗಾಡುವ ಚಪ್ಪಡಿ ಮೇಲೆ ಕಾಲಿಟ್ಟು ಬಿದ್ದರು, ಮಣಿಕಟ್ಟು ಮುರಿಯಿತು. ದೇವಸ್ಥಾನಕ್ಕೆ ಹೋಗಲು ಮುಖ್ಯರಸ್ತೆ ದಾಟಬೇಕು, ಅದಂತೂ ಇನ್ನೂ ಭಯ. ಇಷ್ಟು ದುಡ್ಡು ಸುರಿದರೂ ಫುಟ್‌ಪಾತ್ ಯಾಕೆ ಹೀಗಿರುತ್ತದೆ? ಇದಕ್ಕೆ ಹೊಣೆ ಯಾರು? ನಾವು ಯಾರ ಹತ್ತಿರ ಹೋಗಿ, ಏನು ಕೇಳಬೇಕು?

ಉತ್ತರ: ಮೊದಲು ನಿಮ್ಮ ತಾಯಿಯವರ ಪರವಾಗಿ ಒಂದು ಮಾತು. ಅವರು ರಸ್ತೆಯಲ್ಲಿ ನಡೆಯುತ್ತಿದ್ದದ್ದು ತಪ್ಪಲ್ಲ. ಫುಟ್‌ಪಾತ್ ಬಿಟ್ಟು ಕೆಳಗೆ ಇಳಿದವರನ್ನು ಕಂಡರೆ ಶಿಸ್ತಿಲ್ಲದ ಜನ ಅಂದುಬಿಡುತ್ತೇವೆ. ನಿಜ ಏನೆಂದರೆ, ದಿನಾ ಆ ದಾರಿಯಲ್ಲಿ ಓಡಾಡುವವರಿಗೆ ಎಲ್ಲಿ ಯಾವ ಅಪಾಯ ಇದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಟಾರು ರಸ್ತೆ ಮಟ್ಟಸವಾಗಿದೆ. ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ. ಫುಟ್‌ಪಾತ್ ಮೇಲಾದರೆ ಪ್ರತಿ ಮನೆಯ ಗೇಟಿನ ಮುಂದೆ ಇಳಿದು ಹತ್ತಬೇಕು, ಟ್ರಾನ್ಸ್‌ಫಾರ್ಮರ್ ಸುತ್ತಿ ಬರಬೇಕು, ಯಾವ ಚಪ್ಪಡಿ ಕೈ ಕೊಡುತ್ತದೋ ನೋಡಿಕೊಂಡು ಹೆಜ್ಜೆ ಇಡಬೇಕು. ಮಂಡಿ ನೋವಿರುವವರು ರಸ್ತೆಯನ್ನೇ ಆರಿಸಿಕೊಳ್ಳುತ್ತಾರೆ. ಆ ಆಯ್ಕೆಗೆ ಅವರು ಜೀವದ ಬೆಲೆ ತೆರಬೇಕಾಗಿ ಬರುತ್ತದೆ ಅನ್ನುವುದೇ ಸಂಕಟದ ವಿಷಯ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಐವರಲ್ಲಿ ಒಬ್ಬರು ಯಾವ ಗಾಡಿಯಲ್ಲೂ ಇರಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಎಷ್ಟು ಸಲ ಹಾಕಿದರೂ ಯಾಕೆ ಹಾಳಾಗುತ್ತದೆ?

ಬೆಂಗಳೂರಿನ ಬಹುಪಾಲು ಬಡಾವಣೆಗಳಲ್ಲಿ ನಾವು ಫುಟ್‌ಪಾತ್ ಅನ್ನುವುದು ಅಸಲಿಗೆ ಮೋರಿಯ ಮುಚ್ಚಳ. ರಸ್ತೆಯ ಎರಡೂ ಬದಿ ಮಳೆನೀರಿನ ಮೋರಿ ತೆಗೆದು ಅದರ ಮೇಲೆ ಚಪ್ಪಡಿ ಹಾಸುತ್ತಾರೆ. ಆ ಚಪ್ಪಡಿಗೆ ಮೊದಲ ಕೆಲಸ ಮೋರಿ ಮುಚ್ಚುವುದು. ಜನ ಅದರ ಮೇಲೆ ನಡೆಯುವುದು ಆಮೇಲಿನ ಮಾತು. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಲು ಬರುವವರು ಹಾರೆ ಹಾಕಿ ಚಪ್ಪಡಿ ಎಬ್ಬಿಸುತ್ತಾರೆ. ತೆಗೆದ ಹೂಳನ್ನು ಪಕ್ಕದ ಚಪ್ಪಡಿ ಮೇಲೇ ಗುಡ್ಡೆ ಹಾಕಿ ಒಣಗಲು ಬಿಡುತ್ತಾರೆ. ವಾಪಸ್ ಇಡುವಾಗ ಕೆಳಗೆ ಗಾರೆ ಹಾಕಿ ಕೂರಿಸುವುದು ಕಡಿಮೆ. ಒಂದು ಮೂಲೆ ಅರ್ಧ ಇಂಚು ಮೇಲೆದ್ದರೂ ಸಾಕು, ಚಪ್ಪಡಿ ಅಲುಗಾಡುತ್ತದೆ. ನಿಮ್ಮ ತಾಯಿ ಬಿದ್ದ ಜಾಗದಲ್ಲಿ ಹೀಗೇ ಆಗಿರಬಹುದು, ಹೋಗಿ ನೋಡಿ. ಚಪ್ಪಡಿಯ ಅಂಚಿನಲ್ಲಿ ಹಾರೆಯ ಗುರುತು ಇದ್ದರೆ, ಬುಡದಲ್ಲಿ ಗಾರೆ ಇಲ್ಲದಿದ್ದರೆ, ಅದು ಎಬ್ಬಿಸಿ ಸುಮ್ನೆ ಇಟ್ಟು ಹೋದ ಚಪ್ಪಡಿ.

ಚಪ್ಪಡಿ ಇಲ್ಲದ ಕಡೆ ಇಂಟರ್‌ಲಾಕ್ ಇಟ್ಟಿಗೆ ಇರುತ್ತದೆ. ಅದು ಒಳ್ಳೆಯ ವಸ್ತುವೇ. ಆದರೆ ಅದರ ಗಟ್ಟಿತನ ಇಟ್ಟಿಗೆಯಲ್ಲಿಲ್ಲ, ಕೆಳಗಿನ ಹಾಸಿನಲ್ಲಿದೆ. ಮಣ್ಣು, ಜಲ್ಲಿ ಪದರ ಪದರವಾಗಿ ದಮ್ಮಸು ಆಗಬೇಕು, ಮೇಲೆ ತೆಳುವಾದ ಮರಳಿನ ಹಾಸು ಬೇಕು, ಎರಡೂ ಅಂಚಿನಲ್ಲಿ ಕದಲದ ಕರ್ಬ್ ಕಲ್ಲು ಬೇಕು. ಅಂಚು ಸಡಿಲವಾದರೆ ಇಟ್ಟಿಗೆಗಳು ಮೆಲ್ಲಗೆ ಅಗಲುತ್ತವೆ, ನೀರು ಇಳಿದು ಮರಳನ್ನು ಮೋರಿಗೆ ಎಳೆದುಕೊಂಡು ಹೋಗುತ್ತದೆ. ಜನ ನಡೆಯಲು 60 ಮಿಲಿಮೀಟರ್ ದಪ್ಪದ ಇಟ್ಟಿಗೆ ಸಾಕು, ಕಾರು ಹತ್ತುವ ಕಡೆ 80 ಬೇಕು. ನಮ್ಮಲ್ಲಿ ಎಲ್ಲ ಕಡೆ 60 ಹಾಕಿ, ಅದರ ಮೇಲೆ ರಾತ್ರಿ ಕಾರು ನಿಲ್ಲಿಸುತ್ತಾರೆ. ಮರುವರ್ಷ ಗುಳಿ ಬಿದ್ದಾಗ ಗುತ್ತಿಗೆದಾರರನ್ನು ಬಯ್ಯುತ್ತೇವೆ. ಅರ್ಧ ತಪ್ಪು ಅವರದು, ಇನ್ನರ್ಧ ಕಾರಿನವರದು.

ಇದಕ್ಕಿಂತ ದೊಡ್ಡ ಕಾರಣ ನಕ್ಷೆ ಬರೆಯುವ ರೀತಿಯಲ್ಲೇ ಇದೆ. ನಮ್ಮ ರಸ್ತೆಗಳ ಅಳತೆ ನಡುವಿನಿಂದ ಶುರುವಾಗುತ್ತದೆ. ಗಾಡಿಗಳಿಗೆ ಇಷ್ಟು ಅಂತ ಮೊದಲು ಗೆರೆ ಎಳೆಯುತ್ತಾರೆ. ಆಮೇಲೆ ಮೋರಿ. ಆಮೇಲೆ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಬಸ್ ತಂಗುದಾಣ. ಇಷ್ಟೆಲ್ಲ ಆದ ಮೇಲೆ ಕಾಂಪೌಂಡ್ ಗೋಡೆಯವರೆಗೆ ಉಳಿದದ್ದು ಫುಟ್‌ಪಾತ್. ಒಂದು ಕಡೆ ಏಳು ಅಡಿ, ಹತ್ತು ಹೆಜ್ಜೆ ಮುಂದೆ ಎರಡು ಅಡಿ, ಇನ್ನೊಂದು ಕಡೆ ಮಾಯ. ಉಳಿಕೆ ಜಾಗಕ್ಕೆ ಎಷ್ಟು ಚೆಂದದ ಕಲ್ಲು ಹಾಸಿದರೂ ಅದು ನಡೆಯುವ ದಾರಿ ಆಗುವುದಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಗಟ್ಟಿಯಾಗಿ ಅನ್ನಿಸಿರುವುದು ಇದೊಂದೇ: ಅಳತೆ ಗೋಡೆಯಿಂದ ಶುರುವಾಗಬೇಕು. ಮೊದಲು ನಡೆಯುವವರಿಗೆ ಅಡ್ಡಿಯಿಲ್ಲದ ಪಟ್ಟಿ. ಅದರ ಪಕ್ಕ ಕಂಬ, ಮರ, ಪೆಟ್ಟಿಗೆ, ಬೆಂಚು ಇರುವ ಇನ್ನೊಂದು ಪಟ್ಟಿ. ಉಳಿದದ್ದು ಗಾಡಿಗೆ.

ಜಾಗ ಎಲ್ಲಿದೆ ಅಂತ ಕೇಳುತ್ತಾರೆ. ನಿಮ್ಮ ರಸ್ತೆಯನ್ನೇ ಅಳೆದು ನೋಡೋಣ. 40 ಅಡಿ ಅಂದರೆ ಸುಮಾರು 12 ಮೀಟರ್. ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಪಾದಚಾರಿಗಳಿಗಾಗಿಯೇ ಒಂದು ಮಾರ್ಗಸೂಚಿ ಹೊರಡಿಸಿದೆ, ಹೆಸರು ಐಆರ್‌ಸಿ 103. ಮೊದಲು ಬಂದದ್ದು 1988ರಲ್ಲಿ, 2012ರಲ್ಲಿ ಪರಿಷ್ಕರಣೆ ಆಯಿತು, 2022ರಲ್ಲಿ ಮತ್ತೊಮ್ಮೆ ಆಯಿತು. ವಾಸದ ಬಡಾವಣೆಯಲ್ಲಿ ಅಡ್ಡಿಯಿಲ್ಲದ ನಡಿಗೆಯ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಗಡಿಬೀದಿಯಲ್ಲಿ ಕನಿಷ್ಠ 2.5 ಇರಬೇಕು ಅನ್ನುತ್ತದೆ ಅದು. ಎರಡು ಬದಿಗೆ 1.8ರಂತೆ 3.6 ತೆಗೆದಿಡಿ. ಎರಡು ಗಾಡಿ ಎದುರುಬದುರು ಹೋಗಲು 6 ಮೀಟರ್ ಕೊಡಿ. ಇನ್ನೂ 2.4 ಉಳಿಯಿತು. ಅದರಲ್ಲಿ ಒಂದು ಬದಿ ಕಾರು ನಿಲ್ಲಿಸಬಹುದು, ನಡುನಡುವೆ ಮರ, ಕಂಬಗಳಿಗೂ ಜಾಗ ಕೊಡಬಹುದು. ಎಲ್ಲವೂ ಹಿಡಿಸುತ್ತದೆ. ಹಿಡಿಸದೇ ಇರುವುದು ಎರಡೂ ಬದಿಯ ಬಿಟ್ಟಿ ಪಾರ್ಕಿಂಗ್. ಬೆಂಗಳೂರಿನ ಬಡಾವಣೆಗಳಲ್ಲಿ ಫುಟ್‌ಪಾತ್ ಜಗಳ ಅಂದರೆ ಮುಕ್ಕಾಲು ಪಾಲು ಪಾರ್ಕಿಂಗ್ ಜಗಳ. ಅದನ್ನು ಬಾಯಿಬಿಟ್ಟು ಹೇಳಲು ಯಾವ ಜನಪ್ರತಿನಿಧಿಗೂ ಇಷ್ಟವಿಲ್ಲ, ಅಲ್ವಾ?

ಇನ್ನೂ ಕಿರಿದಾದ ರಸ್ತೆಗಳಿವೆ. 20, 25 ಅಡಿಯ ಅಡ್ಡರಸ್ತೆಗಳು. ಅಲ್ಲಿ ಎರಡು ಬದಿ ಎರಡೆರಡು ಅಡಿಯ ಕಟ್ಟೆ ಕಟ್ಟುವುದು ದಂಡ. ಇಡೀ ರಸ್ತೆಯನ್ನೇ ನಡೆಯುವವರದ್ದು ಅಂತ ಮಾಡಿ, ಗಾಡಿಗಳು ಮೆಲ್ಲಗೆ ಹೋಗುವಂತೆ ತಿರುವು, ಉಬ್ಬು, ಕಲ್ಲುಹಾಸು ಕೊಟ್ಟರೆ ಸಾಕು.

ಎತ್ತರದ ವಿಷಯಕ್ಕೆ ಬರೋಣ, ವಯಸ್ಸಾದವರನ್ನು ಜಾಸ್ತಿ ಕಾಡುವುದು ಇದೇ. ಕರ್ಬ್ ಎತ್ತರ 150 ಮಿಲಿಮೀಟರ್, ಅಂದರೆ ಅರ್ಧ ಅಡಿ ಮೀರಬಾರದು ಅನ್ನುತ್ತದೆ ಐಆರ್‌ಸಿ. ನಮ್ಮಲ್ಲಿ ಒಂದು ಅಡಿ, ಒಂದೂವರೆ ಅಡಿಯ ಕಟ್ಟೆಗಳಿವೆ. ಗಾಡಿ ಹತ್ತದಿರಲಿ ಅಂತ ಎತ್ತರ ಮಾಡಿದ್ದು ಅನ್ನುತ್ತಾರೆ. ಬೈಕುಗಳು ಹೇಗೂ ಗೇಟಿನ ಇಳಿಜಾರಿನಲ್ಲಿ ಹತ್ತಿಬಿಡುತ್ತವೆ, ಹತ್ತಲಾಗದೇ ನಿಲ್ಲುವವರು ಅಜ್ಜಿಯರು. ಇನ್ನೊಂದು ಕಾರಣ, ಪ್ರತಿ ಸಲ ಹಳೆಯ ಟಾರನ್ನು ಕೆರೆಯದೆ ಮೇಲೆ ಹೊಸ ಪದರ ಹಾಕುವುದು. ಪದರಕ್ಕೊಂದು ಒಂದೂವರೆ ಇಂಚು ರಸ್ತೆ ಏರುತ್ತದೆ. ರಸ್ತೆ ಏರಿದ್ದಕ್ಕೆ ಫುಟ್‌ಪಾತ್ ಏರಿಸುತ್ತಾರೆ. ಫುಟ್‌ಪಾತ್ ಏರಿದ್ದಕ್ಕೆ ಮನೆಯವರು ಗೇಟಿನ ಮುಂದೆ ತಮ್ಮದೇ ಸಿಮೆಂಟಿನ ಇಳಿಜಾರು ಕಟ್ಟುತ್ತಾರೆ. ಕೊನೆಗೆ ಮಳೆ ಬಂದರೆ ನೀರು ಮನೆಯೊಳಕ್ಕೆ.

ಗೇಟಿನ ಮುಂದೆ ಮಾಡಬೇಕಾದದ್ದು ಇದಕ್ಕೆ ಉಲ್ಟಾ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು. ಕಾರು ರಸ್ತೆಯಂಚಿನಲ್ಲಿ ಚಿಕ್ಕ ಇಳಿಜಾರು ಹತ್ತಿ, ಫುಟ್‌ಪಾತ್ ದಾಟಿ, ಮನೆಯೊಳಗೆ ಹೋಗಬೇಕು. ದಿನಕ್ಕೆ ಎರಡು ಸಲ ಓಡಾಡುವ ಕಾರು ಹತ್ತಿ ಇಳಿಯಲಿ, ನೂರಾರು ಜನ ಯಾಕೆ ಹತ್ತಿ ಇಳಿಯಬೇಕು? ಗಾಲಿಕುರ್ಚಿಯವರಿಗೆ, ಕೋಲು ಹಿಡಿದು ನಡೆಯುವ ದೃಷ್ಟಿಹೀನರಿಗೆ ಇದೊಂದು ಬದಲಾವಣೆ ಮಾಡುವಷ್ಟು ಉಪಕಾರ ಬೇರೆ ಯಾವುದೂ ಮಾಡುವುದಿಲ್ಲ. ದೃಷ್ಟಿಹೀನರು ಕಾಲಿಗೆ, ಕೋಲಿಗೆ ತಾಗಿ ದಾರಿ ಗುರುತಿಸಲೆಂದು ಉಬ್ಬುಗಳಿರುವ ಹಳದಿ ಟ್ಯಾಕ್ಟೈಲ್ ಟೈಲ್ಸ್ ಹಾಕಿ ಅದನ್ನು ನೇರ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಕೊಂಡೊಯ್ದು ನಿಲ್ಲಿಸಿದ ಜಾಗಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಅಗೆತ. ಒಂದು ರಸ್ತೆಯ ಕೆಳಗೆ ಜಲಮಂಡಳಿಯ ಕುಡಿಯುವ ನೀರಿನ ಕೊಳವೆ ಮತ್ತು ಒಳಚರಂಡಿ, ಬೆಸ್ಕಾಂ ಕೇಬಲ್, ಅಡುಗೆ ಅನಿಲದ ಕೊಳವೆ, ಹತ್ತಾರು ಇಂಟರ್‌ನೆಟ್ ಕಂಪನಿಗಳ ತಂತಿ ಇರುತ್ತವೆ. ಪ್ರತಿಯೊಬ್ಬರಿಗೂ ಅವರವರ ಬಜೆಟ್, ಅವರವರ ಗಡುವು. ಅಗೆಯುವವರು ಅನುಮತಿ ಪಡೆದು, ರಿಪೇರಿಗೆ ಶುಲ್ಕ ಕಟ್ಟುವ ವ್ಯವಸ್ಥೆ ಇದೆ. ಹಲವು ಸಂಸ್ಥೆಗಳ ಅಗೆತವನ್ನು ಒಂದೇ ಕಡೆ ಹೊಂದಿಸಲು ಆನ್‌ಲೈನ್ ಪದ್ಧತಿಯೂ ಬಂತು. ಆದರೂ ಶುಲ್ಕ ಕಟ್ಟಿದ ದಿನಕ್ಕೂ ಮುಚ್ಚುವ ದಿನಕ್ಕೂ ನಡುವೆ ತಿಂಗಳುಗಳು ಹೋಗುತ್ತವೆ. ಮುಚ್ಚುವಾಗ ಮಣ್ಣನ್ನು ಪದರವಾಗಿ ದಮ್ಮಸು ಮಾಡದೆ ಒಂದೇ ಸಲ ಸುರಿದರೆ ಮೊದಲ ಮಳೆಗೇ ಕುಸಿಯುತ್ತದೆ.

ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ, ಹೊರದೇಶಕ್ಕೆ ಹೋಗಬೇಕಿಲ್ಲ. ಟೆಂಡರ್‌ಶೂರ್ ಅನ್ನುವ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳನ್ನು ಬುಡದಿಂದ ಮರುನಿರ್ಮಾಣ ಮಾಡಿದರು. ಅಲ್ಲಿ ಮೊದಲು ಮಾಡಿದ್ದು ನೆಲದ ಕೆಳಗಿನ ಕೆಲಸ. ನೀರು, ಚರಂಡಿ, ವಿದ್ಯುತ್, ತಂತಿಗಳಿಗೆ ಬೇರೆ ಬೇರೆ ಕೊಳವೆ ದಾರಿ, ಅಲ್ಲಲ್ಲಿ ಇಳಿದು ನೋಡಲು ಚೇಂಬರ್. ಹೊಸ ಕೇಬಲ್ ಬೇಕಾದರೆ ಚೇಂಬರ್ ಮುಚ್ಚಳ ತೆಗೆದು ಎಳೆಯಬಹುದು, ರಸ್ತೆ ಒಡೆಯಬೇಕಿಲ್ಲ. ಮೇಲೆ ಗಾಡಿಗಳ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದರು, ಉಳಿದದ್ದನ್ನು ನಡೆಯುವವರಿಗೆ ಬಿಟ್ಟರು. ಆಗ ಕೇಳಿಬಂದ ದೂರು, ರಸ್ತೆ ಕಿರಿದು ಮಾಡಿ ಟ್ರಾಫಿಕ್ ಜಾಮ್ ಮಾಡುತ್ತಾರೆ ಅಂತ. ಒಂದು ಕಡೆ ಮೂರು ಸಾಲು, ಮುಂದೆ ಎರಡು, ಮತ್ತೆ ಮೂರು ಆಗುವ ರಸ್ತೆಗಿಂತ ಉದ್ದಕ್ಕೂ ಎರಡೇ ಸಾಲಿರುವ ರಸ್ತೆಯಲ್ಲಿ ಗಾಡಿ ಸಲೀಸಾಗಿ ಹೋಗುತ್ತದೆ, ಯಾಕೆಂದರೆ ನುಗ್ಗಾಟ ಇರುವುದಿಲ್ಲ. ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನೊಂದಿಗೆ ತೆರೆಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಗಾಡಿಗಳನ್ನೇ ಬಿಡದೆ ನಡೆಯಲು ಮೀಸಲಿಟ್ಟರು. ಅಲ್ಲಿ ನಡೆದವರು ಇಂಥದ್ದು ನಮ್ಮೂರಲ್ಲೂ ಆಗುತ್ತದೆ ಅಂತ ಕಣ್ಣಾರೆ ಕಂಡರು. ನನ್ನ ತಕರಾರು ಒಂದೇ. ಇದೆಲ್ಲ ಊರಿನ ಹೃದಯಭಾಗದಲ್ಲಿ, ಕಾರಿನವರು ಜಾಸ್ತಿ ಬರುವ ಕಡೆ ಆಯಿತು. ಬಸ್ ಇಳಿದು ಅರ್ಧ ಮೈಲಿ ನಡೆದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳ ದಾರಿಗೆ ಬರಲಿಲ್ಲ. ಅಲ್ಲಿ ಗ್ರಾನೈಟ್ ಬೇಡ, ಸಿಮೆಂಟಿನ ಒಂದೇ ಮಟ್ಟದ ದಾರಿ, ಬೀದಿದೀಪ ಕೊಟ್ಟರೂ ಸಾಕು.

ಫುಟ್‌ಪಾತ್ ಒತ್ತುವರಿ ಅಂದ ಕೂಡಲೇ ಎಲ್ಲರ ಕೈ ಹೂವು, ತರಕಾರಿ, ಎಳನೀರು ಮಾರುವವರ ಕಡೆ ಹೋಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಅವರು ಅಲ್ಲಿ ಕೂರುವುದು ನಡೆಯುವ ಜನ ಅಲ್ಲಿ ಇರುವುದರಿಂದ. ಅವರಿರುವ ಕಡೆ ರಾತ್ರಿ ಎಂಟು ಗಂಟೆಗೂ ಬೆಳಕು, ಜನ ಇರುತ್ತಾರೆ, ಒಬ್ಬಂಟಿ ಹೆಣ್ಣುಮಗಳು ಧೈರ್ಯವಾಗಿ ನಡೆಯಬಹುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು, ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಎಲ್ಲಿ ಮಾರಬಹುದು ಎಲ್ಲಿ ಬಾರದು ಅಂತ ವಲಯ ಗುರುತಾಗಬೇಕು. ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವ ಹಾಗಿಲ್ಲ. ಅಡ್ಡಿಯಿಲ್ಲದ 1.8 ಮೀಟರ್ ಬಿಟ್ಟು ಅದರಾಚೆಯ ಪಟ್ಟಿಯಲ್ಲಿ ಅವರಿಗೆ ಜಾಗ ಗುರುತು ಮಾಡಿದರೆ ಇಬ್ಬರಿಗೂ ಒಳ್ಳೆಯದು. ಕದಲಿಸಬೇಕಾದದ್ದು ಟ್ರಾನ್ಸ್‌ಫಾರ್ಮರ್, ಅಂಗಡಿಯವರ ಮೆಟ್ಟಿಲು, ಜನರೇಟರ್, ನಿಲ್ಲಿಸಿದ ಕಾರು.

ಮರಗಳನ್ನೂ ಅಡ್ಡಿ ಅಂತ ಎಣಿಸುವವರಿದ್ದಾರೆ. ಹೊಂಗೆ ಮರದ ನೆರಳಿಲ್ಲದ ಫುಟ್‌ಪಾತ್ ಮೇಲೆ ಏಪ್ರಿಲ್ ಮಧ್ಯಾಹ್ನ ಯಾರು ನಡೆಯುತ್ತಾರೆ? ಬುಡದ ಸುತ್ತ ಮೀಟರಿನಷ್ಟು ಮಣ್ಣು ಬಿಟ್ಟು, ದಾರಿಯನ್ನು ಪಾರ್ಕಿಂಗ್ ಪಟ್ಟಿಯ ಕಡೆಗೆ ಸ್ವಲ್ಪ ಬಾಗಿಸಿದರೆ ಆಯಿತು. ಬುಡದವರೆಗೂ ಕಾಂಕ್ರೀಟ್ ಹಾಕಿದರೆ ಬೇರು ಅದನ್ನು ಎತ್ತಿಯೇ ಎತ್ತುತ್ತದೆ.

ಫುಟ್‌ಪಾತ್ ಮೇಲೆ ಬೈಕ್ ಓಡಿಸುವವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅಡ್ಡಕಂಬ ಹಾಕಿಸಿ ಅಂತ ಎಲ್ಲರೂ ಕೇಳುತ್ತಾರೆ. ಗಾಲಿಕುರ್ಚಿ ಹೋಗಲು ಕಂಬಗಳ ನಡುವೆ ಕನಿಷ್ಠ ಮೂರು ಅಡಿ ಬೇಕು, ಅಷ್ಟು ಬಿಟ್ಟರೆ ಬೈಕೂ ಹೋಗುತ್ತದೆ. ಒತ್ತಾಗಿ ಹಾಕಿದರೆ ಗಾಲಿಕುರ್ಚಿಯವರು ಹೊರಗೇ ಉಳಿಯುತ್ತಾರೆ. ಕಂಬ ಕಾರು ತಡೆಯಲು ಮಾತ್ರ. ಬೈಕಿಗೆ ಪೊಲೀಸರ ದಂಡವೇ ಗತಿ, ಅದೂ ಒಂದು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಈಗ ದಾಟುವ ವಿಷಯ. ನಡೆಯುವವರನ್ನು ಕೊಲ್ಲುವುದು ಹೆಚ್ಚಾಗಿ ವೇಗ. ಲೆಕ್ಕ ನೋಡಿ. 30 ಕಿ.ಮೀ ವೇಗದಲ್ಲಿ ಬರುವ ಕಾರಿನ ಚಾಲಕ ನಿಮ್ಮ ತಾಯಿಯನ್ನು ಕಂಡು ಒಂದೂವರೆ ಸೆಕೆಂಡಿನಲ್ಲಿ ಬ್ರೇಕ್ ಒತ್ತಿದರೆ, ಒಣ ರಸ್ತೆಯಲ್ಲಿ ಕಾರು ಸುಮಾರು 18 ಮೀಟರ್‌ನಲ್ಲಿ ನಿಲ್ಲುತ್ತದೆ. 60ರಲ್ಲಿ ಬಂದರೆ ಸುಮಾರು 45 ಮೀಟರ್ ಬೇಕು. ಅಂದರೆ ಮೊದಲ ಕಾರು ನಿಂತುಬಿಡುವ ಜಾಗದಲ್ಲಿ ಎರಡನೆಯದರ ಚಾಲಕ ಇನ್ನೂ ಬ್ರೇಕಿಗೆ ಕಾಲೇ ಇಟ್ಟಿರುವುದಿಲ್ಲ. ಗುದ್ದುವ ವೇಗ 50ರಿಂದ 65ಕ್ಕೆ ಏರಿದರೆ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಆಗುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ 2020ರ ಸ್ಟಾಕ್‌ಹೋಂ ಘೋಷಣೆಯಲ್ಲಿ, ಜನ ಮತ್ತು ಗಾಡಿ ಬೆರೆಯುವ ಕಡೆ 30 ಕಿ.ಮೀ ಮಿತಿ ಇರಲಿ ಅಂದರು. ಬೋರ್ಡ್ ನೆಟ್ಟರೆ ಯಾರೂ ನಿಧಾನ ಮಾಡುವುದಿಲ್ಲ. ರಸ್ತೆಯ ಆಕಾರ ನಿಧಾನ ಮಾಡಿಸಬೇಕು.

ನಿಮ್ಮ ಮುಖ್ಯರಸ್ತೆಗೆ ಸ್ಕೈವಾಕ್ ಕಟ್ಟಿಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಎಚ್ಚರವಾಗಿರಿ. ರಸ್ತೆ ಮೇಲೆ ಐದೂವರೆ ಮೀಟರ್ ಎತ್ತರ ಬಿಡಬೇಕು. ಅರ್ಧ ಅಡಿಗೊಂದು ಮೆಟ್ಟಿಲು ಅಂದರೆ ಏರಲು 36ಕ್ಕೂ ಹೆಚ್ಚು, ಇಳಿಯಲು ಅಷ್ಟೇ. ಲಿಫ್ಟ್ ಇರುತ್ತದೆ ಅನ್ನುತ್ತಾರೆ. ಅದು ಕೆಟ್ಟ ದಿನ ನಿಮ್ಮ ತಾಯಿ ಏನು ಮಾಡಬೇಕು? ಬೆಂಗಳೂರಿನಲ್ಲಿ ಎಷ್ಟೋ ಸ್ಕೈವಾಕ್‌ಗಳನ್ನು ಜಾಹೀರಾತಿನ ಹಕ್ಕು ಕೊಟ್ಟು ಖಾಸಗಿಯವರಿಂದ ಕಟ್ಟಿಸಿದ್ದಾರೆ. ಹಾಗಾಗಿ ಜಾಹೀರಾತು ಚೆನ್ನಾಗಿ ಕಾಣುವ ಜಾಗಕ್ಕೆ ಅವು ಬರುವ ಸಂಭವ ಹೆಚ್ಚು, ಜನ ದಾಟುವ ಜಾಗ ಬೇರೆಯೇ ಇರಬಹುದು. ಹೊರವರ್ತುಲ ರಸ್ತೆಯಂಥ ಕಡೆ, ಹೆದ್ದಾರಿಯಲ್ಲಿ ಸ್ಕೈವಾಕ್ ಬೇಕು, ಒಪ್ಪುತ್ತೇನೆ. ಬಡಾವಣೆಯ ಮುಖ್ಯರಸ್ತೆಗೆ ನೆಲದ ಮೇಲಿನ ದಾಟುವ ಜಾಗವೇ ಸರಿ.

ಅದು ಹೇಗಿರಬೇಕು? ಜೀಬ್ರಾ ಪಟ್ಟೆಯನ್ನು ಬರೀ ಬಣ್ಣದಲ್ಲಿ ಬಿಡದೆ, ಆ ಜಾಗದಲ್ಲಿ ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತಬೇಕು. ಅಗಲವಾದ, ಮೇಲೆ ಚಪ್ಪಟೆಯಾದ ಹಂಪ್ ಅಂದುಕೊಳ್ಳಿ. ಗಾಡಿ ನಿಧಾನ ಮಾಡಲೇಬೇಕು, ನಡೆಯುವವರು ಹತ್ತಿ ಇಳಿಯಬೇಕಿಲ್ಲ. ಅಂಚಿನಲ್ಲಿ ಮಳೆನೀರು ಹೋಗಲು ದಾರಿ ಇಡಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರು ಮರುದಿನವೇ ಒಡೆಸುತ್ತಾರೆ. ನಡುವಿನ ಡಿವೈಡರ್‌ನಲ್ಲಿ ನಿಲ್ಲಲು ಒಂದೂವರೆ ಎರಡು ಮೀಟರ್ ಅಗಲದ ಜಾಗ ಬೇಕು. ಯಾಕೆಂದರೆ 14 ಮೀಟರ್ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರ್ ನಡೆಯುವವರು 12 ಸೆಕೆಂಡಿನಲ್ಲಿ ದಾಟುತ್ತಾರೆ. ಸಿಗ್ನಲ್‌ಗಳ ಸಮಯವನ್ನು ಸಾಮಾನ್ಯವಾಗಿ ಈ ವೇಗದ ಮೇಲೇ ಲೆಕ್ಕ ಹಾಕುತ್ತಾರೆ. 71ರ ವಯಸ್ಸಿನವರು 0.8 ಮೀಟರ್ ನಡೆದರೆ 17 ಸೆಕೆಂಡು ಮೀರುತ್ತದೆ. ನಡುವೆ ನಿಲ್ಲಲು ಜಾಗವಿದ್ದರೆ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ನೋಡಿ, ಏಳು ಮೀಟರ್ ದಾಟಿದರೆ ಸಾಕು. ಗಾಡಿಗಳು ನಿಲ್ಲುವ ಗೆರೆ ಪಟ್ಟೆಗೆ ಅಂಟಿಕೊಂಡಿರದೆ ಮೂರ್ನಾಲ್ಕು ಮೀಟರ್ ಹಿಂದಿರಲಿ. ಒಂದು ಬಸ್ ಮರ್ಯಾದೆಯಿಂದ ನಿಂತಾಗ ಅದರ ಮರೆಯಿಂದ ಬೈಕ್ ನುಗ್ಗಿ ಗುದ್ದುವುದು ತುಂಬಾ ಸಾಮಾನ್ಯವಾದ ಅಪಘಾತ. ಗೆರೆ ಹಿಂದಿದ್ದರೆ ಇಬ್ಬರಿಗೂ ಇಬ್ಬರೂ ಕಾಣುತ್ತಾರೆ. ಬೀದಿದೀಪ ಪಟ್ಟೆಯ ನೆತ್ತಿಯ ಮೇಲೆ ಬೇಡ, ಗಾಡಿ ಬರುವ ಕಡೆಗೆ ಸ್ವಲ್ಪ ಮುಂಚೆ ಇರಲಿ. ಆಗ ದಾಟುವವರ ಮುಖದ ಮೇಲೆ ಬೆಳಕು ಬೀಳುತ್ತದೆ.

ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವ ಮೂಲೆಯನ್ನೂ ಗಮನಿಸಿ. ಮೂಲೆ ದೊಡ್ಡದಾಗಿ ಬಾಗಿದ್ದರೆ ಗಾಡಿಗಳು ವೇಗ ತಗ್ಗಿಸದೆ ತಿರುಗುತ್ತವೆ. ಮೂಲೆಯ ಕಟ್ಟೆಯನ್ನು ಮುಂದಕ್ಕೆ ತಂದು ತಿರುವು ಬಿಗಿ ಮಾಡಿದರೆ ವೇಗ ತಾನಾಗಿ ಇಳಿಯುತ್ತದೆ, ದಾಟುವ ದೂರವೂ ಕಡಿಮೆಯಾಗುತ್ತದೆ. ಕಡಿಮೆ ಖರ್ಚಿನ ಕೆಲಸ. ಸುಮ್ನೆ ಪ್ಲಾಸ್ಟಿಕ್ ಕಂಬ ನಿಲ್ಲಿಸಿ, ಬಣ್ಣ ಬಳಿದು ಒಂದು ತಿಂಗಳು ಪ್ರಯೋಗ ಮಾಡಿ ನೋಡಬಹುದು.

ಹೊಣೆ ಯಾರದ್ದು ಅಂತ ಕೇಳಿದ್ದೀರಿ. 2025ರ ಸೆಪ್ಟೆಂಬರ್‌ವರೆಗೆ ಬಿಬಿಎಂಪಿ ಇತ್ತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಬಡಾವಣೆಯ ಒಳರಸ್ತೆ ನಿಮ್ಮ ಪಾಲಿಕೆಯ ವಾರ್ಡ್ ಎಂಜಿನಿಯರ್ ಕೈಯಲ್ಲಿದೆ. ಮುಖ್ಯರಸ್ತೆ ಬೇರೆ ವಿಭಾಗದ್ದಾಗಿರಬಹುದು. ಸಿಗ್ನಲ್ ಸಮಯ, ಪಾರ್ಕಿಂಗ್ ದಂಡ ಸಂಚಾರ ಪೊಲೀಸರದ್ದು, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದ್ದು. ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಲು ಇಷ್ಟು ಸಾಕು. ಹಾಗಾಗಿ ನಿಮ್ಮ ಪತ್ರ ಒಂದೇ ಇರಲಿ, ಪಾಲಿಕೆ, ಸಂಚಾರ ಪೊಲೀಸ್, ಬೆಸ್ಕಾಂ ಮೂವರಿಗೂ ಹೋಗಲಿ, ಯಾರಿಗೆ ಕಳಿಸಿದ್ದೀರಿ ಅಂತ ಮೂವರ ಹೆಸರೂ ಅದರಲ್ಲಿ ಕಾಣಲಿ.

ಕಾನೂನು ನಿಮ್ಮ ಪರವಾಗಿದೆ. ಸುಸ್ಥಿತಿಯ ರಸ್ತೆ ನಾಗರಿಕರ ಮೂಲಭೂತ ಹಕ್ಕಿನ ಭಾಗ ಅಂತ ಕರ್ನಾಟಕ ಹೈಕೋರ್ಟ್ 2019ರ ಜುಲೈನಲ್ಲಿ ಹೇಳಿದೆ. ಫುಟ್‌ಪಾತ್ ಮೇಲೆ ನಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 50 ನಗರಗಳ ಫುಟ್‌ಪಾತ್, ದಾಟುವ ಜಾಗಗಳ ತಪಾಸಣೆ ಮಾಡಿ ಅಂತ ಆದೇಶಿಸಿತು. ಮೋಟಾರು ವಾಹನ ಕಾಯ್ದೆಯ 138(1ಎ) ಮತ್ತು 210ಡಿ ಕಲಂಗಳ ಕೆಳಗೆ ಆರು ತಿಂಗಳಲ್ಲಿ ನಿಯಮ ಮಾಡಿ ಅಂತ ರಾಜ್ಯಗಳಿಗೂ ಹೇಳಿತು. ಇದೇ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಅಧಿಕಾರ ಸಂಸ್ಥೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮೊತ್ತ ಚಿಕ್ಕದು. ಆದರೆ ಬೀಳುವವರದ್ದೇ ತಪ್ಪು ಅನ್ನುವ ಹಳೆಯ ಮಾತಿಗೆ ಕಾನೂನಿನಲ್ಲಿ ಉತ್ತರ ಸಿಕ್ಕಿತು.

ಇನ್ನು ಏನು ಕೇಳಬೇಕು. "ಫುಟ್‌ಪಾತ್ ಸರಿ ಮಾಡಿ" ಅಂತ ದಯವಿಟ್ಟು ಬರೆಯಬೇಡಿ. ಹಾಗೆ ಬರೆದರೆ ಮೂರನೇ ಸಲ ಕಿತ್ತು ಹಾಕುತ್ತಾರೆ. ಒಂದು ಟೇಪು ಹಿಡಿದು, ನೆರೆಮನೆಯವರನ್ನು ಕರೆದುಕೊಂಡು ಇಡೀ ರಸ್ತೆ ನಡೆಯಿರಿ. ಎಲ್ಲಿ ಅಗಲ 1.8 ಮೀಟರ್‌ಗಿಂತ ಕಡಿಮೆ, ಎಲ್ಲಿ ಕಟ್ಟೆ ಅರ್ಧ ಅಡಿಗಿಂತ ಎತ್ತರ, ಎಷ್ಟು ಚಪ್ಪಡಿ ಅಲುಗಾಡುತ್ತದೆ, ಯಾವ ಮನೆ ಸಂಖ್ಯೆಯ ಮುಂದೆ ಅನ್ನುವುದನ್ನು ಫೋಟೊ ಸಮೇತ ಬರೆದಿಡಿ. ಅದರಲ್ಲಿ ನಿಮ್ಮ ಮನೆಯ ಇಳಿಜಾರೂ ಬಂದರೆ ಅದನ್ನೂ ಬರೆಯಿರಿ. ಅಳತೆ ಇರುವ ಪತ್ರಕ್ಕೆ ಎಂಜಿನಿಯರ್ ಹಾರಿಕೆಯ ಉತ್ತರ ಕೊಡುವುದು ಕಷ್ಟ. ಅಲುಗಾಡುವ ಚಪ್ಪಡಿಗಳ ದೂರನ್ನು ಪಾಲಿಕೆಯ ಸಹಾಯವಾಣಿ 1533ಕ್ಕೂ ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಚಪ್ಪಡಿಗೆ ಗಾರೆ ಹಾಕಿ ಕೂರಿಸಲು ಹೊಸ ಟೆಂಡರ್ ಬೇಕಿಲ್ಲ, ವಾರ್ಡಿನ ನಿರ್ವಹಣಾ ಹಣದಲ್ಲೇ ಆಗುತ್ತದೆ. ತಾಯಿಯವರ ಆಸ್ಪತ್ರೆ ಚೀಟಿ, ಬಿಲ್ಲು, ಬಿದ್ದ ಜಾಗದ ಫೋಟೊ ಜೋಪಾನವಾಗಿಡಿ. ಗಾಡಿ ಗುದ್ದಿದ ಪ್ರಕರಣ ಅಲ್ಲವಾದ್ದರಿಂದ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗುವಂತಿಲ್ಲ. ಪಾಲಿಕೆಯಿಂದ ಪರಿಹಾರ ಕೇಳಬೇಕೆಂದರೆ ವಕೀಲರ ಮೂಲಕ ನೋಟಿಸ್ ಕೊಡುವುದರಿಂದ ಶುರು ಮಾಡಬೇಕು.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಉದ್ದ ಬರೆದರೆ ಅದೇ ನೆಪವಾಗುತ್ತದೆ. ಕೊನೆಯ ಸಲ ಫುಟ್‌ಪಾತ್ ಹಾಕಿದ ಕಾಮಗಾರಿಯ ಜಾಬ್ ನಂಬರ್ (ಕಾಮಗಾರಿಗೆ ಪಾಲಿಕೆ ಕೊಡುವ ಸಂಖ್ಯೆ), ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದ ನಕಲು, ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರರಿಗೆ ಯಾವ ದಿನಾಂಕದವರೆಗೆ ಇದೆ, ಇಷ್ಟನ್ನೇ ಕೇಳಿ. ಆ ದಿನಾಂಕ ಇನ್ನೂ ಮುಗಿದಿಲ್ಲದಿದ್ದರೆ ಪಾಲಿಕೆ ಒಂದು ರೂಪಾಯಿ ಖರ್ಚಿಲ್ಲದೆ ಅವರಿಂದಲೇ ಸರಿ ಮಾಡಿಸಬಹುದು. ಮುಗಿದಿದ್ದರೆ, ಗೋಡೆಯಿಂದ ಅಳೆದ ಹೊಸ ನಕ್ಷೆ, ಗೇಟುಗಳ ಮುಂದೆ ಒಂದೇ ಮಟ್ಟ, ಮುಖ್ಯರಸ್ತೆಗೆ ಎತ್ತರಿಸಿದ ಒಂದು ದಾಟುವ ಜಾಗ ಅನ್ನುವ ಮೂರೇ ಬೇಡಿಕೆ ಬರೆದು, ರಸ್ತೆಯ ಎಲ್ಲರ ಸಹಿ ಹಾಕಿಸಿ, ಡಿಸೆಂಬರ್ ಒಳಗೆ ಕೊಡಿ. ಪಾಲಿಕೆ ಬಜೆಟ್ ಮಂಡನೆ ಆಗುವುದು ಹಣಕಾಸು ವರ್ಷ ಮುಗಿಯುವ ಹೊತ್ತಿಗೆ. ವಾರ್ಡಿನ ಕಾಮಗಾರಿ ಪಟ್ಟಿ ಅದಕ್ಕಿಂತ ಮುಂಚೆಯೇ ಸಿದ್ಧವಾಗಿರುತ್ತದೆ.